ಕೋಟೆ, ಚಂದ್ರವಳ್ಳಿ, ಜೋಗಿಮಟ್ಟಿ: ಐದು ವರ್ಷದ ಮಗನ ಜೊತೆ ಮೂರೂ ಕಡೆ ನಡೆದ ಮೇಲೆ

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೈವೇಯಲ್ಲಿ ಸುಮಾರು 60 ಕಿ.ಮೀ. ನಸುಕಲ್ಲೇ ಹೊರಟರೆ ಮಧ್ಯಾಹ್ನದ ಊಟಕ್ಕೆ ವಾಪಸ್ ಮನೆಗೆ ಬರಬಹುದು. ಹಾಗಾಗಿ ಕಳೆದ ಒಂದು ವರ್ಷದಲ್ಲಿ ನಾವು ಅಲ್ಲಿನ ಕೋಟೆಗೆ ಎರಡು ಸಲ, ಹತ್ತಿರದ ಚಂದ್ರವಳ್ಳಿಗೆ ಎರಡು ಸಲ, ಜೋಗಿಮಟ್ಟಿಗೆ ಒಂದು ಸಲ ಹೋಗಿ ಬಂದೆವು. ನಾವು ಅಂದರೆ ನಾನು, ಮನೆಯವರು, ಒಂಬತ್ತು ವರ್ಷದ ಮಗಳು, ಐದು ವರ್ಷದ ಮಗ, ಮತ್ತೆ ಮಂಡಿನೋವಿರುವ ನಮ್ಮ ಅತ್ತೆ. "ಸಣ್ಣ ಮಕ್ಕಳನ್ನು ಕರ್ಕೊಂಡು ಹೋಗೋಕೆ ಯಾವುದು ಒಳ್ಳೇದು" ಅಂತ ತುಂಬ ಜನ ಕೇಳುತ್ತಾರೆ. ನಾನು ನೋಡುವುದು ಒಂದೇ ಲೆಕ್ಕ. ಗಾಡಿ ಇಳಿದು ನಡೆಯೋಕೆ ಶುರು ಮಾಡಿದ ಎಷ್ಟು ಹೊತ್ತಿಗೆ ಮಗ "ಅಮ್ಮಾ, ಎತ್ಕೋ" ಅಂತಾನೆ?

ಕೋಟೆಯಲ್ಲಿ ಮೊದಲ ಸಲ ಅದು ಬಂದಿದ್ದು ಒಂದು ಗಂಟೆ ನಲವತ್ತು ನಿಮಿಷಕ್ಕೆ. ನಾನೇ ನಂಬಲಿಲ್ಲ. ಫೆಬ್ರವರಿ ತಿಂಗಳು, ಬೆಳಿಗ್ಗೆ ಏಳಕ್ಕೆಲ್ಲಾ ಒಳಗಿದ್ದೆವು, ಬಂಡೆ ಇನ್ನೂ ತಣ್ಣಗಿತ್ತು. (ಹದಿನೈದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ.) ಬಾಗಿಲ ಹತ್ತಿರ ಗೋಡೆಯಲ್ಲಿ ಏಳು ಹೆಡೆಯ ಹಾವು ಕೆತ್ತಿದ್ದಾರೆ, ಹೆಡೆ ಎಣಿಸೋದರಲ್ಲೇ ಇಬ್ಬರಿಗೂ ಐದು ನಿಮಿಷ ಹೋಯಿತು. ಅಲ್ಲಿಂದ ಮುಂದೆ ದಾರಿ ನೇರ ಹೋಗಲ್ಲ, ಒಂದು ಬಾಗಿಲು ದಾಟಿದರೆ ತಿರುವು, ಮತ್ತೊಂದು ಬಾಗಿಲು, ಮತ್ತೆ ತಿರುವು. ಯಾಕೆ ಹೀಗೆ ಅಂತ ಮಗಳು ಕೇಳಿದಳು. ಶತ್ರುಗಳ ಆನೆ ದೂರದಿಂದ ಓಡಿ ಬಂದು ಬಾಗಿಲಿಗೆ ಗುದ್ದಬಾರದು ಅಂತ, ಓಡೋಕೆ ಜಾಗವೇ ಇಲ್ಲದ ಹಾಗೆ ಕಟ್ಟಿದ್ದಾರೆ ಅಂತ ಅವರಪ್ಪ ಹೇಳಿದರು. ಆಮೇಲೆ ಮಗ ತಾನೇ ಆನೆಯಾಗಿ ಪ್ರತಿ ತಿರುವಿಗೂ ಓಡಿದ.

ಮದ್ದು ಬೀಸುವ ಕಲ್ಲುಗಳನ್ನು ಮಾತ್ರ ತಪ್ಪಿಸಬೇಡಿ. ಕೋವಿ, ಫಿರಂಗಿಗೆ ಮದ್ದು ಅರೆಯೋಕೆ ಇಟ್ಟಿದ್ದ ದೊಡ್ಡ ದೊಡ್ಡ ಬೀಸುಕಲ್ಲುಗಳು. "ಇದು ಯಾರ ಮನೇದು ದೋಸೆ ರುಬ್ಬೋ ಕಲ್ಲು?" ಅಂದ ನಮ್ಮ ಹುಡುಗ. ದಾವಣಗೆರೆ ಮಗು ಅಲ್ವಾ, ಅವನಿಗೆ ಕಲ್ಲು ಅಂದರೆ ದೋಸೆಯದೇ. ಮೇಲೆ ಗೋಪಾಲಸ್ವಾಮಿ ಹೊಂಡ, ಕೆಳಗೆ ಅಕ್ಕತಂಗಿ ಹೊಂಡ. ಮೇಲಿನದು ತುಂಬಿದರೆ ನೀರು ಕೆಳಗಿನದಕ್ಕೆ ಹರಿಯುತ್ತದೆ. ಬರದ ನಾಡಿನಲ್ಲಿ ಬಂಡೆ ಮೇಲೆ ಬಿದ್ದ ಮಳೆಯನ್ನು ಹೀಗೆ ಹಿಡಿದಿಟ್ಟರು ಅಂತ ಮಗಳಿಗೆ ಕೈ ತೋರಿಸಿ ಹೇಳಬಹುದು, ಪುಸ್ತಕದಲ್ಲಿ ಓದಿದರೆ ಇಷ್ಟು ತಲೆಗೆ ಹೋಗಲ್ಲ.

ಅತ್ತೆ ಏಕನಾಥೇಶ್ವರಿ ಗುಡಿ ಹತ್ತಿರ ಕೂತರು, ಮುಂದೆ ಬರಲಿಲ್ಲ. ಆದರೆ ಓಬವ್ವನ ಕಥೆ ಮಾತ್ರ ಅಲ್ಲೇ ಕೂತು ಪೂರ್ತಿ ಹೇಳಿ ಕಳಿಸಿದರು. ಗಂಡ ಉಣ್ಣೋಕೆ ಬಂದಿದ್ದು, ಇವಳು ನೀರಿಗೆ ಹೋಗಿದ್ದು, ಕಿಂಡಿಯಲ್ಲಿ ಹೈದರಾಲಿ ಸೈನಿಕರು ಒಬ್ಬೊಬ್ಬರೇ ತಲೆ ಹಾಕಿದ್ದು, ಒನಕೆ. ಮಗಳು ಕಿಂಡಿಯಲ್ಲಿ ಬಗ್ಗಿ ನುಸುಳಿ ಈಚೆ ಬಂದು ಒಂದು ನಿಮಿಷ ಮಾತೇ ಆಡಲಿಲ್ಲ. ಇಷ್ಟು ಸಣ್ಣ ಸಂದಿನಾ ಅಂದಳು, ಅಷ್ಟೇ.

ಇದೇ ಕೋಟೆಗೆ ಏಪ್ರಿಲ್‌ನಲ್ಲಿ ನೆಂಟರ ಜೊತೆ ಹೋದಾಗ ಹತ್ತೂವರೆ ಆಗಿತ್ತು. ಹದಿನೈದೇ ನಿಮಿಷಕ್ಕೆ "ಎತ್ಕೋ". ಕಲ್ಲು ಮುಟ್ಟಿದರೆ ಸುಡುತ್ತಿತ್ತು, ನೆರಳಿಲ್ಲ, ಎರಡು ಬಾಟಲಿ ನೀರು ಅರ್ಧ ದಾರಿಗೇ ಖಾಲಿ. ಬಿಸ್ಕತ್ತಿನ ಚೀಲವನ್ನು ಕೋತಿ ಕಿತ್ತುಕೊಂಡು ಹೋಯಿತು, ಮಗ ಹೆದರಿ ಅತ್ತ. ಕೋಟೆಯಲ್ಲಿ ತಿಂಡಿ ಕೈಯಲ್ಲಿ ಹಿಡಿಯಲೇಬೇಡಿ, ಬ್ಯಾಗಿನೊಳಗೆ ಡಬ್ಬಿಯಲ್ಲಿರಲಿ.

ಚಂದ್ರವಳ್ಳಿ ಕೋಟೆಯಿಂದ ಸುಮಾರು ಮೂರು ಕಿ.ಮೀ. ಬೆಟ್ಟಗಳ ನಡುವೆ ಒಂದು ಕೆರೆ, ಸುತ್ತ ಬಂಡೆ, ಮರ. ಕೋಟೆಯ ಗತ್ತು ಇದಕ್ಕಿಲ್ಲ. ಹೊರಗಿನಿಂದ ಬಂದವರು ಇದನ್ನು ಬಿಟ್ಟು ಹೋಗುತ್ತಾರೆ, ನನಗೆ ನಿಜವಾಗಲೂ ಹೊಟ್ಟೆ ಉರಿಯುತ್ತದೆ. ಕದಂಬರ ಮಯೂರಶರ್ಮ ಇಲ್ಲಿ ಕೆರೆ ಕಟ್ಟಿಸಿದ ಅಂತ ಹೇಳುವ ಶಾಸನ ಇಲ್ಲೇ ಬಂಡೆಯ ಮೇಲಿದೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಇಲ್ಲಿ ಅಗೆಸಿದ್ದರು. ಶಾತವಾಹನರ ನಾಣ್ಯ ಸಿಕ್ಕಿವೆ, ರೋಮ್ ನಾಣ್ಯ ಕೂಡ ಸಿಕ್ಕಿವೆ. ಇದನ್ನು ಕೇಳಿದ ಮೇಲೆ ಮಗ ಎರಡೂವರೆ ಗಂಟೆ ಕೋಲು ಹಿಡಿದು ಮಣ್ಣು ಕೆದಕಿದ. ಎತ್ಕೋ ಅನ್ನುವ ಮಾತು ಒಂದೇ ಒಂದು ಸಲ ಬರಲಿಲ್ಲ.

"ಹುಡುಗ್ರಿಗೆ ಕಾಲ್ನೋವು ಬರಲ್ಲ ಕಣವ್ವ, ಬ್ಯಾಸ್ರ ಬರುತ್ತೆ" ಅಂದರು ಅತ್ತೆ. ಹೌದು ಅನ್ನಿಸಿತು. ಇಲ್ಲಿ ಅವರೂ ನಮ್ಮ ಜೊತೆಗೇ ಇದ್ದರು, ಮರದ ಕೆಳಗೆ ಕೂತು ಚಪಾತಿ, ಶೇಂಗಾ ಚಟ್ನಿ ಬಿಚ್ಚಿದರು.

ಚಂದ್ರವಳ್ಳಿಯಲ್ಲೇ ಇರುವ ಅಂಕಲಿ ಮಠದ ಗುಹೆ ಬೇರೆ ಮಾತು. ಒಳಗೆ ಗವ್ ಅನ್ನೋ ಕತ್ತಲೆ, ಇಳಿದು ಬಗ್ಗಿ ಹೋಗಬೇಕು. ದಾರಿ ಗೊತ್ತಿರುವವರು ಜೊತೆಗಿರಲಿ, ಒಳ್ಳೆ ಟಾರ್ಚ್ ಇರಲಿ, ಮೊಬೈಲ್ ಬೆಳಕು ಸಾಲದು. ಮಗ ಬಾಗಿಲಲ್ಲೇ ನನ್ನ ಸೆರಗು ಹಿಡಿದು ನಿಂತ, ಒತ್ತಾಯ ಮಾಡಲಿಲ್ಲ. ಮಗಳು ಅವರಪ್ಪನ ಜೊತೆ ಹೋಗಿ ಬಂದವಳು ಕೋಟೆಗಿಂತ ಇದೇ ಚೆನ್ನಾಗಿದೆ ಅಂದಳು. ಎರಡು ಎಚ್ಚರಿಕೆ ಹೇಳಲೇಬೇಕು. ಮಕ್ಕಳನ್ನು ಕೆರೆ ನೀರಿಗೆ ಇಳಿಸಬೇಡಿ, ಅಂಚಿನಲ್ಲಿ ಕೈ ಬಿಡಬೇಡಿ. ಇನ್ನೊಂದು, ಯಾರೋ ಕುಡಿದು ಒಡೆದು ಹೋದ ಬಾಟಲಿ ಚೂರು ಬಂಡೆ ಸಂದಿಯಲ್ಲಿತ್ತು. ಬರಿಗಾಲಲ್ಲಿ ಬಿಡಬೇಡಿ. ಸಾವಿರದ ಆರುನೂರು ವರ್ಷದ ಹಿಂದಿನ ಅಕ್ಷರ ಇರುವ ಜಾಗದಲ್ಲಿ ಹಾಗೆ ಮಾಡೋಕೆ ಮನಸ್ಸಾದರೂ ಹೇಗೆ ಬರುತ್ತೋ.

ಜೋಗಿಮಟ್ಟಿಗೆ ಹೋಗಿದ್ದು ಆಗಸ್ಟ್‌ನಲ್ಲಿ. ಚಿತ್ರದುರ್ಗದಿಂದ ಹತ್ತು ಕಿ.ಮೀ. ಆಸುಪಾಸು, ವನ್ಯಜೀವಿಧಾಮ. ಮೇಲೆ ಮಂಜು, ಗಾಳಿ, ದೂರದ ಗುಡ್ಡಗಳ ಸಾಲಿನಲ್ಲಿ ತಿರುಗುವ ಗಾಳಿ ವಿದ್ಯುತ್ತಿನ ಫ್ಯಾನುಗಳು. ನಮಗೆ, ಅಂದರೆ ದೊಡ್ಡವರಿಗೆ, ಮೂರರಲ್ಲಿ ಇದೇ ಜಾಸ್ತಿ ಇಷ್ಟವಾಯಿತು. ಗಾಡಿ ಮೇಲಿನವರೆಗೂ ಹೋಯಿತು, ಅತ್ತೆಗೆ ಮಂಡಿಯ ಚಿಂತೆ ಇರಲಿಲ್ಲ, ಶಾಲು ಹೊದ್ದು ಕೂತು ಬಿಟ್ಟರು. ಆದರೆ ಮಗ ಇಪ್ಪತ್ತು ನಿಮಿಷಕ್ಕೇ ಕೈ ಎತ್ತಿದ. ಅಲ್ಲಿರುವುದೆಲ್ಲಾ ದೂರ ನೋಡುವಂಥದ್ದು. ಐದು ವರ್ಷದ ಮಗು ದೂರ ನೋಡಲ್ಲ, ಕೈಗೆ ಸಿಗೋದು ಬೇಕು. ಚಿರತೆ, ಕರಡಿ ಇರುವ ಕಾಡು, ಹಾಗಾಗಿ ಸುಮ್ನೆ ಓಡಾಡೋಕೂ ಬಿಡೋ ಹಾಗಿಲ್ಲ. ಕೊನೆಗೆ ಬರುವಾಗ ಆಡುಮಲ್ಲೇಶ್ವರದ ಸಣ್ಣ ಮೃಗಾಲಯ ತೋರಿಸಿದ ಮೇಲೆ ಅವನ ಮುಖ ಅರಳಿತು.

ನಮ್ಮೂರ ಹತ್ತಿರದ ಕೊಂಡಜ್ಜಿಯನ್ನು ಇವುಗಳ ಜೊತೆ ಇಟ್ಟು ನೋಡೋಕಾಗಲ್ಲ. ಅದು ಭಾನುವಾರ ಸಂಜೆ ಎರಡು ತಾಸಿಗೆ, ಕೆರೆ, ಗುಡ್ಡ, ಮಂಡಕ್ಕಿ ಪೊಟ್ಟಣ, ಅಷ್ಟಕ್ಕೆ ಚೆಂದ.

ಐದಾರು ವರ್ಷದ ಮಗು ಇದ್ದರೆ ನಾನು ಕಣ್ಣು ಮುಚ್ಚಿ ಚಂದ್ರವಳ್ಳಿ ಅಂತೀನಿ. ಎಂಟು ದಾಟಿದ್ದರೆ ಕೋಟೆ, ಆದರೆ ಬೆಳಿಗ್ಗೆ ಏಳಕ್ಕೆ, ಬೇಸಿಗೆ ಬಿಟ್ಟು. ಎರಡೂ ವಯಸ್ಸಿನವರಿದ್ದರೆ ನಾವು ನವೆಂಬರ್‌ನಲ್ಲಿ ಮಾಡಿದ ಹಾಗೆ ಚಂದ್ರವಳ್ಳಿಗೇ ಹೋಗಿ. ಅವತ್ತು ಮೊದಲು ಕೋಟೆಗೇ ಅಂತ ಅಂದುಕೊಂಡವರು ಎದ್ದಿದ್ದು ತಡವಾಗಿ ಸೀದಾ ಚಂದ್ರವಳ್ಳಿಗೇ ಹೋದೆವು. ಮೂರು ಗಂಟೆವರೆಗೂ ಮಕ್ಕಳು ಮೇಲೇಳಲಿಲ್ಲ. ಮಗ ಒಂದು ಮಡಕೆ ಚೂರು ಎತ್ತಿಕೊಂಡು ಇದು ರಾಜಂದಾ ಅಂತ ಕೇಳಿದ. ಇರಬಹುದು, ಇಲ್ಲೇ ಇರಲಿ ಅಂದೆ. ಎಲ್ಲಿತ್ತೋ ಅಲ್ಲೇ ಇಟ್ಟು ಮೇಲೆ ಒಂದು ಎಲೆ ಮುಚ್ಚಿ ಬಂದ.