ಒಳಗಿನ ಬೈಗುಳಕ್ಕೆ ನಾಲ್ಕು ಧ್ಯಾನ: ನಾನು ಮಾಡಿ ನೋಡಿದ್ದು

ತನ್ನನ್ನು ತಾನೇ ಬೈದುಕೊಳ್ಳುವವರಿಗೆ "ಧ್ಯಾನ ಮಾಡಿ, ಸರಿಹೋಗುತ್ತೆ" ಎಂದು ಎಲ್ಲರೂ ಹೇಳುತ್ತಾರೆ. ಯಾವ ಧ್ಯಾನ ಅಂತ ಮಾತ್ರ ಹೇಳುವುದಿಲ್ಲ. ಬೌದ್ಧರಲ್ಲೇ ಎಷ್ಟೊಂದು ಕ್ರಮಗಳಿವೆ. ಕೆಲವು ಈ ಬೈಗುಳವನ್ನು ನಿಜವಾಗಿ ಇಳಿಸುತ್ತವೆ. ಕೆಲವು ಒಳ್ಳೆಯವೇ, ಆದರೆ ನಮ್ಮಂಥವರ ಕೈಗೆ ಸಿಕ್ಕರೆ ಬೈಯಲು ಇನ್ನೊಂದು ನೆಪವಾಗುತ್ತವೆ.

ನಾನು ಮಂಡ್ಯದಲ್ಲಿ ಹೈಸ್ಕೂಲಿಗೆ ಗಣಿತ ಹೇಳಿಕೊಡುತ್ತೇನೆ. ಮನೆ ಮೈಸೂರಿನಲ್ಲಿ, ಓಡಾಟ ರೈಲಿನಲ್ಲಿ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಪಾಸಾದ ಮಕ್ಕಳ ಹೆಸರು ನನ್ನ ಕಣ್ಣಿಗೇ ಬೀಳುವುದಿಲ್ಲ. ಗಣಿತದಲ್ಲಿ ಹೋದವರ ಹೆಸರಷ್ಟೇ ಕಾಣುತ್ತದೆ. ಆಗ ಒಳಗಿನ ದನಿ ಶುರು: "ನಿನ್ನ ಕೈಲಿ ಪಾಠ ಮಾಡೋಕಾಗಲ್ಲ. ಬೇರೆ ಯಾರಾದ್ರೂ ಆಗಿದ್ರೆ ಈ ಮಕ್ಕಳು ಪಾಸಾಗ್ತಿದ್ರು." ಹೋದವರಲ್ಲಿ ಒಂದು ಮಗು ಅರ್ಧ ವರ್ಷ ಶಾಲೆಗೇ ಬರದೆ ಆಲೆಮನೆ ಕೆಲಸಕ್ಕೆ ಹೋಗಿತ್ತು ಎನ್ನುವ ಸಂಗತಿ ಆ ದನಿಗೆ ಬೇಕಿಲ್ಲ. ಹಾಗಾಗಿ ನಾಲ್ಕು ಕ್ರಮಗಳನ್ನೂ ಒಂದೇ ಪ್ರಶ್ನೆ ಇಟ್ಟುಕೊಂಡು ನೋಡಿದ್ದೇನೆ. ಆ ರಾತ್ರಿ ಯಾವುದು ಕೈ ಹಿಡಿಯಿತು?

ಮೊದಲು ಹೆಸರಿಡುವ ಕ್ರಮ. ಬರ್ಮಾದ ಭಿಕ್ಷು ಮಹಾಸಿ ಸಯಾಡೋ (1904–1982) ಅವರಿಂದ ಇದು ಹೆಚ್ಚು ಪ್ರಚಾರಕ್ಕೆ ಬಂತು. ಉಸಿರಿನ ಜೊತೆ ಹೊಟ್ಟೆ ಉಬ್ಬುವುದನ್ನೂ ಇಳಿಯುವುದನ್ನೂ ಗಮನಿಸುತ್ತಾ ಕೂರಬೇಕು. ನಡುವೆ ಏನು ಬಂದರೂ ಮನಸ್ಸಿನಲ್ಲೇ ಒಂದು ಸಣ್ಣ ಹೆಸರಿಡಬೇಕು. "ಯೋಚನೆ, ಯೋಚನೆ." "ನೋವು, ನೋವು." ಆಮೇಲೆ ಮತ್ತೆ ಹೊಟ್ಟೆಯ ಕಡೆ ಬರಬೇಕು.

ಇದರ ದೊಡ್ಡ ಅನುಕೂಲ ಎಂದರೆ ಎಲ್ಲಿ ಬೇಕಾದರೂ ಮಾಡಬಹುದು. ರೈಲಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿದರೆ ಪಾಂಡವಪುರದಿಂದ ಶ್ರೀರಂಗಪಟ್ಟಣದ ತನಕ ಸುಮ್ನೆ ಇದನ್ನೇ ಮಾಡುತ್ತೇನೆ. ದನಿ ಎದ್ದ ಕೂಡಲೇ "ಟೀಕೆ, ಟೀಕೆ" ಎಂದುಕೊಂಡರೆ ಅದಕ್ಕೂ ನನಗೂ ನಡುವೆ ಒಂದಿಷ್ಟು ಜಾಗ ಬಿಡುತ್ತದೆ. ಅದು ಹೇಳುತ್ತಿರುವುದು ನಿಜವೋ ಸುಳ್ಳೋ ಎಂದು ವಾದಕ್ಕೆ ಇಳಿಯಬೇಕಿಲ್ಲ.

ಇದಕ್ಕೆ ಹಳೆಯ ಬುಡವೂ ಇದೆ. ಬುದ್ಧನ ಉಪದೇಶಗಳ ಹಳೆಯ ಪಾಲಿ ಸಂಗ್ರಹಗಳಿಗೆ ನಿಕಾಯ ಎನ್ನುತ್ತಾರೆ. ಅವುಗಳಲ್ಲಿ ಒಂದಾದ ಸಂಯುತ್ತ ನಿಕಾಯದಲ್ಲಿ ಸೋಮಾ ಎಂಬ ಭಿಕ್ಷುಣಿಯ ಪ್ರಸಂಗ ಬರುತ್ತದೆ. ಆಕೆ ಮರದಡಿ ಧ್ಯಾನಕ್ಕೆ ಕೂತಾಗ, ಧ್ಯಾನಿಗಳ ಮನಸ್ಸು ಕೆಡಿಸುವ ಮಾರ ಬಂದು, ಋಷಿಗಳು ಮುಟ್ಟುವ ಆ ಸ್ಥಿತಿ ಎರಡು ಬೆರಳಿನ ಬುದ್ಧಿಯ ಹೆಂಗಸಿಗೆ ಸಿಗುವಂಥದ್ದಲ್ಲ ಎನ್ನುತ್ತಾನೆ. ಅನ್ನ ಬೆಂದಿದೆಯಾ ಎಂದು ಅಗುಳನ್ನು ಎರಡು ಬೆರಳಲ್ಲಿ ಹಿಸುಕಿ ನೋಡುವುದಷ್ಟೇ ಇವಳಿಗೆ ಗೊತ್ತು ಎಂಬ ಅರ್ಥವನ್ನು ಅಟ್ಠಕಥೆ, ಅಂದರೆ ಹಳೆಯ ವ್ಯಾಖ್ಯಾನ, ಕೊಡುತ್ತದೆ. ಸೋಮಾ ಮೊದಲು ಮಾಡುವ ಕೆಲಸ ನೋಡಿ: ಇದು ಯಾರ ಮಾತು ಎಂದು ಕೇಳಿಕೊಳ್ಳುತ್ತಾಳೆ. ಮಾರನದು ಎಂದು ಗುರುತಿಸುತ್ತಾಳೆ. ಮನಸ್ಸು ನೆಲೆಗೊಂಡಿದ್ದರೆ ಹೆಣ್ತನದಿಂದ ಏನು ಅಡ್ಡಿ ಎಂದು ಉತ್ತರ ಕೊಡುತ್ತಾಳೆ. ಈಕೆ ನನ್ನನ್ನು ಗುರುತಿಸಿಬಿಟ್ಟಳು ಎಂದು ಬೇಜಾರಾಗಿ ಮಾರ ಅಲ್ಲಿಂದ ಮಾಯವಾಗುತ್ತಾನೆ. ಹೊಗೆ ತುಂಬಿದ ಅಡುಗೆಮನೆಯಲ್ಲಿ ಅನ್ನದ ಅಗುಳು ಹಿಸುಕುತ್ತಾ ಬೆಳೆದ ನನಗೆ ಈ ಪ್ರಸಂಗ ತುಂಬಾ ಹತ್ತಿರ.

ಇದರ ಮಿತಿ ಏನೆಂದರೆ, ಹೆಸರಿಡುವ ದನಿಯೇ ಗದರುವ ದನಿ ಆಗಿಬಿಡಬಹುದು. "ಟೀಕೆ, ಟೀಕೆ" ಎನ್ನುವುದರೊಳಗೆ "ನೋಡು, ಮತ್ತೆ ಶುರು ಮಾಡಿದೆ" ಎನ್ನುವ ಸಿಡುಕು ಸೇರಿಕೊಳ್ಳುತ್ತದೆ. ಸಣ್ಣಪುಟ್ಟ ದಿನಗಳಿಗೆ ಇದು ಸಾಕು. ಫಲಿತಾಂಶದ ರಾತ್ರಿಗೆ ಸಾಲದು.

ಎರಡನೆಯದು ಮೈಯ ಸಂವೇದನೆಯನ್ನು ನೋಡುವುದು. ಗೋಯಂಕಾ ಅವರ ವಿಪಶ್ಯನ ಎಂದೇ ನಮ್ಮ ಕಡೆ ಎಲ್ಲರಿಗೂ ಗೊತ್ತು. ಸತ್ಯನಾರಾಯಣ ಗೋಯಂಕಾ 1924ರಲ್ಲಿ ಬರ್ಮಾದ ಮಾಂಡಲೆಯಲ್ಲಿ ಹುಟ್ಟಿದವರು. ಸಯಾಜಿ ಊ ಬಾ ಖಿನ್ ಅವರ ಹತ್ತಿರ ಕಲಿತು 1969ರಲ್ಲಿ ಭಾರತಕ್ಕೆ ಬಂದು ಶಿಬಿರ ಶುರು ಮಾಡಿದರು. ಹತ್ತು ದಿನ ಮಾತಿಲ್ಲ, ಫೋನಿಲ್ಲ, ಪುಸ್ತಕವಿಲ್ಲ. ಬೆಳಿಗ್ಗೆ 4ಕ್ಕೆ ಗಂಟೆ. ಶುಲ್ಕವಿಲ್ಲ, ಶಿಬಿರ ಮುಗಿಸಿದವರು ಕೊಟ್ಟ ದಾನದಿಂದಲೇ ಎಲ್ಲ ನಡೆಯುತ್ತದೆ. ಮೊದಲ ದಿನಗಳಲ್ಲಿ ಮೂಗಿನ ಹೊಳ್ಳೆಯ ಹತ್ತಿರ ಉಸಿರು ತಾಗುವುದನ್ನಷ್ಟೇ ನೋಡುವುದು. ನಾಲ್ಕನೇ ದಿನದಿಂದ ತಲೆಯಿಂದ ಕಾಲಿನವರೆಗೆ ಮೈಯ ಒಂದೊಂದು ಭಾಗವನ್ನೂ ಗಮನಿಸುವುದು. ಹಿತವಾದರೂ ಅಹಿತವಾದರೂ ಸಮತೆ ಬಿಡಬಾರದು. ಎಲ್ಲವೂ ಅನಿಚ್ಚ, ಅಂದರೆ ನಿಲ್ಲುವಂಥದ್ದಲ್ಲ.

ಬೈಗುಳ ಅಂದರೆ ಬರೀ ಮಾತಲ್ಲ ಎಂದು ನನಗೆ ಕಲಿಸಿದ್ದು ಈ ಕ್ರಮ. ಹೋದ ಮಕ್ಕಳ ಹೆಸರು ಓದುವಾಗ ಮೊದಲು ಕಿವಿಯ ಹಿಂದೆ ಬಿಸಿ ಏರುತ್ತದೆ. ದವಡೆ ಬಿಗಿಯುತ್ತದೆ. ಗಂಟಲ ಕೆಳಗೆ ಏನೋ ಸಿಕ್ಕಿಕೊಂಡ ಹಾಗೆ ಆಗುತ್ತದೆ. ಮಾತು ಆಮೇಲೆ ಬರುತ್ತದೆ. ಆ ಬಿಸಿಯನ್ನು ಮುಟ್ಟದೆ, ತಳ್ಳದೆ ನೋಡುತ್ತಾ ಕೂತರೆ ಅದು ತಾನಾಗಿ ಕಡಿಮೆಯಾಗುತ್ತದೆ, ಮತ್ತೆ ಏರುತ್ತದೆ, ಮತ್ತೆ ಇಳಿಯುತ್ತದೆ. "ನೀನು ಯಾವತ್ತೂ ಹೀಗೇ" ಎಂದು ದನಿ ಹೇಳುತ್ತಿರುವಾಗಲೇ ಮೈಯಲ್ಲಿ ಯಾವುದೂ ಒಂದೇ ಥರ ನಿಲ್ಲುತ್ತಿಲ್ಲ. ಇದನ್ನು ಮಾತಿನಲ್ಲಿ ಒಪ್ಪಿಸಲು ಆಗುವುದಿಲ್ಲ. ಕೂತು ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಆದರೆ ಶಿಬಿರದ ಬಿಗಿ ಎಲ್ಲರಿಗೂ ಒಗ್ಗುವುದಿಲ್ಲ. ಒಂದು ಗಂಟೆ ಕೈಕಾಲು ಅಲುಗಿಸದೆ ಕೂರುವ ಅಧಿಷ್ಠಾನದ ಅವಧಿಗಳಿವೆ. ತನ್ನನ್ನೇ ಬೈದುಕೊಳ್ಳುವವರಿಗೆ ಅದು ಪರೀಕ್ಷೆ ಆಗಿಬಿಡುತ್ತದೆ. ಮನೆಗೆ ಬಂದ ಮೇಲೆ ದಿನಕ್ಕೆ ಎರಡು ಗಂಟೆ ಕೂರಿ ಎನ್ನುತ್ತಾರೆ. ಒಂದು ದಿನ ತಪ್ಪಿದರೆ ದನಿಗೆ ಹೊಸ ವಿಷಯ ಸಿಕ್ಕಂತೆ. ಮಜ್ಝಿಮ ನಿಕಾಯದ ವಿತಕ್ಕಸಂಠಾನ ಸುತ್ತದಲ್ಲಿ ಕೆಟ್ಟ ಯೋಚನೆಗಳಿಗೆ ಐದು ಉಪಾಯ ಹೇಳಿದೆ. ಹಲ್ಲು ಕಚ್ಚಿ ಮನಸ್ಸನ್ನು ಮನಸ್ಸಿನಿಂದಲೇ ಅದುಮುವುದು ಅದರಲ್ಲಿ ಕೊನೆಯದು, ಬೇರೆ ನಾಲ್ಕೂ ಆಗದಿದ್ದಾಗ ಮಾತ್ರ. ನಮ್ಮಂಥವರು ಶುರು ಮಾಡುವುದೇ ಅಲ್ಲಿಂದ.

ಇಲ್ಲಿ ಒಂದು ಮಾತು ಹೇಳಲೇಬೇಕು. ಶಿಬಿರದ ಅರ್ಜಿಯಲ್ಲಿ ಮಾನಸಿಕ ಆರೋಗ್ಯದ ಬಗ್ಗೆ ಕೇಳುತ್ತಾರೆ. ಮುಚ್ಚಿಡಬೇಡಿ. ಒಳಗಿನ ದನಿ "ನೀನು ಇರೋದೇ ಬೇಡ" ಎನ್ನುವ ಹಂತಕ್ಕೆ ಹೋಗಿದ್ದರೆ ಅದು ಧ್ಯಾನದ ಹೊತ್ತಲ್ಲ, ಡಾಕ್ಟರ ಹತ್ತಿರ ಹೋಗುವ ಹೊತ್ತು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವಾಗ ಬೇಕಾದರೂ ಫೋನ್ ಮಾಡಬಹುದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮೂರನೆಯದು ಮೆತ್ತಾ, ಮೈತ್ರಿ ಭಾವನೆ. ನನ್ನ ಮಟ್ಟಿಗೆ ಗೆದ್ದದ್ದು ಇದೇ. ಆದರೆ ಸಾಮಾನ್ಯವಾಗಿ ಹೇಳಿಕೊಡುವ ರೀತಿಯಲ್ಲಲ್ಲ.

ಸಾಮಾನ್ಯವಾಗಿ ಹೇಳಿಕೊಡುವುದು ಹೀಗೆ: ಮೊದಲು "ನಾನು ಸುಖವಾಗಿರಲಿ, ನನಗೆ ದುಃಖ ಬಾರದಿರಲಿ", ಆಮೇಲೆ ಪ್ರೀತಿಯವರಿಗೆ, ಆಮೇಲೆ ಪರಿಚಯವಷ್ಟೇ ಇರುವವರಿಗೆ, ಕೊನೆಗೆ ಆಗದವರಿಗೆ. ಈ ಸಾಲು ಐದನೇ ಶತಮಾನದ ಬುದ್ಧಘೋಷರು ಬರೆದ ವಿಸುದ್ಧಿಮಗ್ಗ ಎಂಬ ಗ್ರಂಥದಿಂದ ಬಂದದ್ದು. ತನ್ನಿಂದಲೇ ಯಾಕೆ ಶುರು? ಇದಕ್ಕೆ ಅವರು ಉದಾನ ಎಂಬ ಹಳೆಯ ಪಾಲಿ ಗ್ರಂಥದ ಒಂದು ಗಾಥೆ ಕೊಡುತ್ತಾರೆ. ಅದರ ಹಿಂದಿನ ಕಥೆ ಕೋಸಲದ ರಾಜ ಪಸೇನದಿಯದು. ನಿನಗೆ ನಿನಗಿಂತ ಪ್ರಿಯರಾದವರು ಯಾರಾದರೂ ಇದ್ದಾರಾ ಎಂದು ಅವನು ರಾಣಿ ಮಲ್ಲಿಕಾಳನ್ನು ಕೇಳುತ್ತಾನೆ. ಇಲ್ಲ ಎನ್ನುತ್ತಾಳೆ ಆಕೆ. ರಾಜನೂ ತನಗೂ ಹಾಗೇ ಎಂದು ಒಪ್ಪುತ್ತಾನೆ. ಎಲ್ಲರಿಗೂ ತಾವೇ ಪ್ರಿಯ, ಆದ್ದರಿಂದ ಇನ್ನೊಬ್ಬರನ್ನು ನೋಯಿಸಬೇಡ ಎನ್ನುತ್ತಾನೆ ಬುದ್ಧ.

ಮಲ್ಲಿಕಾ ಅಷ್ಟು ಸಲೀಸಾಗಿ ಹೇಳಿದ್ದನ್ನು ನಮಗೆ ಹೇಳಲು ಬರುವುದಿಲ್ಲ. 1990ರಲ್ಲಿ ಧರ್ಮಶಾಲಾದಲ್ಲಿ ವಿಜ್ಞಾನಿಗಳ ಜೊತೆ ನಡೆದ ಮಾತುಕತೆಯಲ್ಲಿ ಅಮೆರಿಕದ ಧ್ಯಾನ ಶಿಕ್ಷಕಿ ಶರೋನ್ ಸಾಲ್ಜ್‌ಬರ್ಗ್ ತನ್ನನ್ನು ತಾನೇ ದ್ವೇಷಿಸುವುದರ ಬಗ್ಗೆ ದಲೈ ಲಾಮಾ ಅವರನ್ನು ಕೇಳಿದಾಗ, ಅವರಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತ್ತು. ಇದನ್ನಿಟ್ಟುಕೊಂಡು ಇದು ಪಶ್ಚಿಮದವರ ಕಾಯಿಲೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. "ಅಕ್ಕಪಕ್ಕದವರ ಮಕ್ಕಳನ್ನ ನೋಡು" ಎಂದು ಕೇಳಿಕೊಂಡೇ ಬೆಳೆದ ಮಂಡ್ಯ ಮೈಸೂರಿನ ಹೆಣ್ಣುಮಕ್ಕಳನ್ನು ಮಾತಾಡಿಸಿ ನೋಡಿ. "ನಾನು ಸುಖವಾಗಿರಲಿ" ಎಂದು ಹೇಳಿಕೊಳ್ಳಲು ಅವರಿಗೆ ಎಷ್ಟು ಸಂಕೋಚ ಗೊತ್ತಾ? ನನಗೂ ಆ ಸಾಲು ಬಾಯಲ್ಲಿ ಮಾತ್ರ ಇತ್ತು.

ದಾರಿ ಸಿಕ್ಕಿದ್ದು ವಿಸುದ್ಧಿಮಗ್ಗದ್ದೇ ಇನ್ನೊಂದು ಮಾತಿನಿಂದ. ತನ್ನ ಮೇಲೆ ಮೆತ್ತಾ ಮಾಡುವುದು ನನ್ನ ಹಾಗೇ ಎಲ್ಲರಿಗೂ ಸುಖ ಬೇಕು ಎಂಬುದಕ್ಕೆ ಸಾಕ್ಷಿಯಾಗಿ ಅಷ್ಟೇ, ನೂರು ವರ್ಷ ಮಾಡಿದರೂ ಅದರಿಂದ ಮನಸ್ಸು ಆಳವಾಗಿ ನೆಲೆಗೊಳ್ಳುವ ಸಮಾಧಿ ಸ್ಥಿತಿ ಹತ್ತುವುದಿಲ್ಲ ಎಂದು ಬುದ್ಧಘೋಷರೇ ಬರೆದಿದ್ದಾರೆ. ನಿಜವಾದ ಕೆಲಸ ಶುರುವಾಗುವುದು ಪ್ರೀತಿ, ಗೌರವ ಎರಡೂ ಇರುವ ಗುರುವಿನಂಥವರಿಂದ. ತೀರಿಕೊಂಡವರನ್ನು ಆರಿಸಬೇಡಿ ಎಂದೂ ಹೇಳುತ್ತಾರೆ. ಒಬ್ಬ ಯುವ ಭಿಕ್ಷು ತನ್ನ ಗುರುವನ್ನು ನೆನೆದು ಮೆತ್ತಾ ಮಾಡುತ್ತಾನೆ, ಎಷ್ಟು ಮಾಡಿದರೂ ಹತ್ತುವುದಿಲ್ಲ. ಆಮೇಲೆ ನೋಡಿದರೆ ಆ ಗುರು ತೀರಿಹೋಗಿದ್ದರು.

ಹಾಗಾಗಿ ನಾನು ಶುರು ಮಾಡುವುದು ಮದ್ದೂರಿನ ಕಡೆ ಇರುವ ನನ್ನ ಗಣಿತದ ಮೇಷ್ಟ್ರಿಂದ. ರಿಟೈರ್ ಆಗಿ ತೋಟ ನೋಡಿಕೊಂಡಿದ್ದಾರೆ. ಲೆಕ್ಕ ತಪ್ಪಾದರೆ ಅವರು ಕೆಂಪು ಗೀಟು ಎಳೆಯುತ್ತಿರಲಿಲ್ಲ. ತಪ್ಪಿದ ಸಾಲಿನ ಪಕ್ಕ ಪೆನ್ಸಿಲ್ಲಿನಲ್ಲಿ ಒಂದು ಚುಕ್ಕಿ ಇಡುತ್ತಿದ್ದರು. "ಇಲ್ಲಿಂದ ಇನ್ನೊಂದ್ಸಲ ನೋಡವ್ವ" ಎನ್ನುತ್ತಿದ್ದರು. ಅಷ್ಟೇ. ಮೇಲಿನ ಸಾಲುಗಳು ಸರಿ ಇವೆ ಎಂದು ಆ ಚುಕ್ಕಿಯಿಂದಲೇ ಗೊತ್ತಾಗುತ್ತಿತ್ತು. ಅವರ ಮುಖ ನೆನೆದು "ಮೇಷ್ಟ್ರಿಗೆ ಒಳ್ಳೇದಾಗ್ಲಿ, ಭಯ ಇಲ್ದಂಗೆ ಇರ್ಲಿ, ಆರೋಗ್ಯವಾಗಿರ್ಲಿ" ಎಂದುಕೊಳ್ಳುತ್ತೇನೆ. ಇದಕ್ಕೆ ಪ್ರಯತ್ನ ಬೇಕಿಲ್ಲ, ಎದೆ ತಾನಾಗಿ ಸಡಿಲವಾಗುತ್ತದೆ. ಆಮೇಲೆ ಅವರ ಮುಂದೆ ಕೂತ ಆ ಹುಡುಗಿಗೆ ಅದೇ ಮಾತು. ಕೊನೆಗೆ ಈಗಿನ ನನಗೆ. ಈ ದಾರಿಯಲ್ಲಿ ಬಂದರೆ ಮಾತು ಸುಳ್ಳು ಅನ್ನಿಸುವುದಿಲ್ಲ.

ಮೆತ್ತಾದ ಹನ್ನೊಂದು ಲಾಭಗಳನ್ನು ಅಂಗುತ್ತರ ನಿಕಾಯ ಪಟ್ಟಿ ಮಾಡುತ್ತದೆ. ಮೊದಲನೆಯದೇ ಸುಖವಾಗಿ ನಿದ್ದೆ ಬರುವುದು. ಫಲಿತಾಂಶದ ರಾತ್ರಿ ನನಗೆ ಬೇಕಾದದ್ದೂ ಅದೇ ಅಲ್ವಾ?

ನಾಲ್ಕನೆಯದು ಟೋಂಗ್ಲೆನ್, ಟಿಬೆಟಿನ ಬೌದ್ಧರ ಕ್ರಮ. ಇದಕ್ಕೆ ನಮ್ಮ ಮೈಸೂರು ಜಿಲ್ಲೆಯಲ್ಲೇ ಟಿಬೆಟಿನವರು ನೆಲೆಸಿರುವ ಬೈಲಕುಪ್ಪೆ ಇದೆ. 1963ರಲ್ಲಿ ಟಿಬೆಟಿನ ಗುರು ಪೆನೋರ್ ರಿಂಪೋಚೆ ಅಲ್ಲಿ ನಾಮ್‌ಡ್ರೋಲಿಂಗ್ ಮಠ ಕಟ್ಟಲು ಶುರು ಮಾಡಿದರು. ಸೆರಾ ಮಠವೂ ಅಲ್ಲೇ ಇದೆ. ನಾಮ್‌ಡ್ರೋಲಿಂಗ್‌ಗೆ ಗೋಲ್ಡನ್ ಟೆಂಪಲ್ ಎಂದು ಫೋಟೋ ತೆಗೆಸಿಕೊಳ್ಳಲು ಹೋಗುವವರೇ ಜಾಸ್ತಿ. ಶನಿವಾರ, ಭಾನುವಾರ ಬಿಟ್ಟು ಹೋಗಿ, ಬುದ್ಧ, ಪದ್ಮಸಂಭವ, ಅಮಿತಾಯು ಮೂರ್ತಿಗಳ ಮುಂದೆ ಸುಮ್ನೆ ಕೂರಲು ಜಾಗ ಸಿಗುತ್ತದೆ.

ಟೋಂಗ್ಲೆನ್ ಅಂದರೆ ಉಸಿರು ಎಳೆದುಕೊಳ್ಳುವಾಗ ಇನ್ನೊಬ್ಬರ ಸಂಕಟವನ್ನು ತೆಗೆದುಕೊಳ್ಳುವುದು, ಬಿಡುವಾಗ ನೆಮ್ಮದಿಯನ್ನು ಕೊಡುವುದು. ಹನ್ನೆರಡನೇ ಶತಮಾನದ ಟಿಬೆಟಿನ ಗುರು ಗೆಶೆ ಚೆಕಾವಾ ಇದನ್ನು ಸಣ್ಣ ಸಣ್ಣ ಸೂತ್ರಗಳಲ್ಲಿ ಕಟ್ಟಿಕೊಟ್ಟರು. ನನ್ನ ಹಾಗೆಯೇ ಆ ರಾತ್ರಿ ಎಚ್ಚರವಾಗಿರುವ ಬೇರೆ ಟೀಚರುಗಳು, ಫೇಲಾದ ಮಗು, ಅದರ ಅಮ್ಮ, ಎಲ್ಲರನ್ನೂ ನೆನೆದು ಉಸಿರಾಡಿದರೆ "ನನ್ನೊಬ್ಬಳದೇ ಹೀಗೆ" ಎಂಬ ಒಂಟಿತನ ಹೋಗುತ್ತದೆ. ಬೇರೆ ಮೂರು ಕ್ರಮಗಳಲ್ಲಿ ಇಷ್ಟು ಬೇಗ ಇದು ಆಗುವುದಿಲ್ಲ.

ಆದರೂ ಮೊದಲು ಇದನ್ನು ಹಿಡಿಯಿರಿ ಎಂದು ನಾನು ಹೇಳುವುದಿಲ್ಲ. ಎಲ್ಲರ ಭಾರವನ್ನೂ ಆಗಲೇ ಹೊತ್ತಿರುವ ಹೆಂಗಸರಿಗೆ ಇದು ಇನ್ನೊಂದು ಭಾರ ಅನ್ನಿಸಬಹುದು. ಎಲ್ಲ ತಪ್ಪನ್ನೂ ಒಂದರ ಮೇಲೇ ಹೊರಿಸು ಎಂಬ ಸೂತ್ರವೂ ಇದೆ. ಆ ಒಂದು ಅಂದರೆ "ನಾನು, ನನ್ನದು" ಎಂಬ ಹಿಡಿತ, ನಾವಲ್ಲ. ತನ್ನನ್ನೇ ಬೈದುಕೊಳ್ಳುವವರು ಅದನ್ನು "ಎಲ್ಲಾ ನಿನ್ನದೇ ತಪ್ಪು" ಎಂದು ಓದಿಕೊಂಡುಬಿಡುತ್ತಾರೆ. ತೆಗೆದುಕೊಳ್ಳುವುದನ್ನು ನಿನ್ನಿಂದಲೇ ಶುರು ಮಾಡು ಎಂಬ ಇನ್ನೊಂದು ಸೂತ್ರವನ್ನು ಜೊತೆಗೆ ಇಟ್ಟುಕೊಂಡರೆ ಸರಿಹೋಗುತ್ತದೆ. ಅಂದರೆ ಮೊದಲು ನಾಳೆಯ ನನ್ನ ಸಂಕಟವನ್ನೇ ಇವತ್ತು ಉಸಿರಲ್ಲಿ ತೆಗೆದುಕೊಳ್ಳುವುದು.

ಬೈಗುಳದಲ್ಲಿ ನಿಜ ಇದ್ದರೆ? ಇದನ್ನು ಯಾವ ಧ್ಯಾನದಿಂದಲೂ ಮುಚ್ಚಬಾರದು. ತಪ್ಪಿಗೆ ನಾಚುವುದಕ್ಕೆ ಪಾಲಿಯಲ್ಲಿ "ಹಿರಿ" ಎನ್ನುತ್ತಾರೆ, ಅದನ್ನು ಬುದ್ಧ ಲೋಕವನ್ನು ಕಾಯುವ ಗುಣ ಎಂದು ಕರೆದಿದ್ದಾನೆ. ಮಾಡಿದ್ದಕ್ಕೆ ಕೊರಗುತ್ತಾ ಕೂರುವ ಕುಕ್ಕುಚ್ಚವನ್ನು ಮಾತ್ರ ಧ್ಯಾನಕ್ಕೆ ಅಡ್ಡಿಗಳ ಸಾಲಿಗೆ ಸೇರಿಸಿದ್ದಾನೆ. ಮಗ ರಾಹುಲನಿಗೆ ಹೇಳಿದ್ದು ಇನ್ನೂ ನೇರ. ಕನ್ನಡಿ ನೋಡಿಕೊಳ್ಳುವ ಹಾಗೆ ಮಾಡುವ ಮುಂಚೆ, ಮಾಡುವಾಗ, ಮಾಡಿದ ಮೇಲೆ ನೋಡಿಕೋ. ಮಾಡಿದ್ದು, ಆಡಿದ್ದು ಯಾರಿಗಾದರೂ ನೋವು ತಂದಿದ್ದರೆ ಗುರುವಿಗೋ ತಿಳಿದ ಜೊತೆಗಾರರಿಗೋ ಹೇಳು, ಮುಂದೆ ತಡೆದುಕೋ. ಒಳ್ಳೆಯದಾಗಿದ್ದರೆ ಸಂತೋಷವಾಗಿರು. ಈ ಕೊನೆಯ ಮಾತನ್ನು ಒಳಗಿನ ದನಿ ಯಾವತ್ತೂ ಹೇಳುವುದಿಲ್ಲ. ಹಾಗಾಗಿ ಈಗ ಪಾಸಾದವರ ಪಟ್ಟಿಯನ್ನೂ ಮೇಲಿನಿಂದ ಕೆಳಗೆ ಪೂರ್ತಿ ಓದುತ್ತೇನೆ.

ಈಗಿನ ನನ್ನ ಕ್ರಮ ಇದು. ರೈಲಿನಲ್ಲಿ ಹೆಸರಿಡುವುದು. ದನಿ ಜೋರಾದರೆ ಮೊದಲು ಮೈ, ಆ ಬಿಸಿ ಇಳಿಯುವ ತನಕ. ಆಮೇಲೆ ಮೇಷ್ಟ್ರು. ಟೋಂಗ್ಲೆನ್ ವರ್ಷಕ್ಕೊಮ್ಮೆ ಬರುವ ಆ ರಾತ್ರಿಗೆ. ಶಿಬಿರದಲ್ಲಿದ್ದಾಗ ಮಾತ್ರ ಹೀಗೆ ಬೆರೆಸಬಾರದು, ಅಲ್ಲಿ ಅವರು ಹೇಳಿದ್ದಷ್ಟನ್ನೇ ಮಾಡಬೇಕು. ಹೊಸಬರಾದರೆ ಹತ್ತು ದಿನದ ಶಿಬಿರಕ್ಕೆ ಹೆಸರು ಕೊಡುವ ಮುಂಚೆ ಒಂದಷ್ಟು ದಿನ ಬೆಳಿಗ್ಗೆ ಹತ್ತು ನಿಮಿಷ ಮೆತ್ತಾ ಮಾಡಿ ನೋಡಿ. ನಿಮ್ಮನ್ನು ಯಾವತ್ತೂ ಕೀಳಾಗಿ ನೋಡದ, ಈಗಲೂ ಬದುಕಿರುವ ಒಬ್ಬರನ್ನು ಆರಿಸಿಕೊಳ್ಳಿ. ಅವರಿಗೆ ಒಂದು ಫೋನನ್ನೂ ಮಾಡಿ.