ದಿ ವಿಚರ್ 3: ಮಗಳನ್ನು ಹುಡುಕುವ ಅಪ್ಪನ ಆಟ – ದೀರ್ಘಕಾಲದ ಬಳಕೆಯ ನಂತರದ ವಿಮರ್ಶೆ

ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಕಂಪನಿ 2015ರ ಮೇ ತಿಂಗಳಲ್ಲಿ ಬಿಡುಗಡೆ ಮಾಡಿದ ‘ದಿ ವಿಚರ್ 3: ವೈಲ್ಡ್ ಹಂಟ್’ ಎಂಬ ವಿಡಿಯೋ ಆಟವನ್ನು ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಹಲವು ಮಳೆಗಾಲಗಳಿಂದ ಆಡುತ್ತ ಬಂದಿದ್ದೇನೆ. ಇದರ ಗ್ರಾಫಿಕ್ಸ್, ಕತ್ತಿವರಸೆ, ನಕ್ಷೆಯ ವಿಸ್ತಾರಗಳ ಬಗ್ಗೆ ಈಗಾಗಲೇ ಬೇಕಾದಷ್ಟು ಜನ ಬರೆದಿದ್ದಾರೆ. ಮಾಂತ್ರಿಕ ಲೋಕದ ರೋಲ್-ಪ್ಲೇಯಿಂಗ್ ಆಟಗಳು (ಕಥೆಯ ಪಾತ್ರವೊಂದನ್ನು ವಹಿಸಿಕೊಂಡು ಆಡುವಂಥವು) ತಂದೆತಾಯಿಯರನ್ನು ಹೇಗೆ ನಡೆಸಿಕೊಳ್ಳುತ್ತವೆ, ಆ ವಿಷಯದಲ್ಲಿ ಈ ಆಟ ಎಷ್ಟು ದೂರ ಹೋಗಿದೆ, ಎಲ್ಲಿ ನಿಂತುಬಿಟ್ಟಿದೆ ಎಂಬುದನ್ನಷ್ಟೇ ನಾನಿಲ್ಲಿ ಹೇಳಬಯಸುತ್ತೇನೆ.

ಈ ಬಗೆಯ ಆಟಗಳಲ್ಲಿ ಹೆತ್ತವರಿಗೆ ವಹಿಸುವ ಕೆಲಸ ಸಾಮಾನ್ಯವಾಗಿ ಒಂದೇ: ಬೇಗ ಸಾಯುವುದು. ನಾಯಕ ಊರು ಬಿಟ್ಟು ಹೊರಡಬೇಕಾದರೆ ಮನೆಯಲ್ಲಿ ಅವನನ್ನು ತಡೆಯುವವರು ಇರಬಾರದಲ್ಲ. ‘ಡ್ರ್ಯಾಗನ್ ಏಜ್: ಒರಿಜಿನ್ಸ್’ (2009) ಆಟವನ್ನು ಕುಲೀನ ಮನೆತನದವರಾಗಿ ಆರಂಭಿಸಿದರೆ, ಗಾಯಗೊಂಡ ಗಂಡನನ್ನು ಬಿಟ್ಟು ಬರಲೊಪ್ಪದ ತಾಯಿ ಕೋಟೆಯಲ್ಲಿಯೇ ಉಳಿಯುತ್ತಾಳೆ. 2011ರ ಎರಡನೆಯ ಭಾಗದಲ್ಲಂತೂ ತಾಯಿ ಲಿಯಾಂಡ್ರಾ ಕೊಲೆಗಡುಕನೊಬ್ಬನ ಕೈಗೆ ಸಿಕ್ಕುತ್ತಾಳೆ, ಆಟಗಾರ ಏನು ಮಾಡಿದರೂ ಅವಳನ್ನು ಉಳಿಸಿಕೊಳ್ಳಲು ದಾರಿಯಿಲ್ಲ. ಪಕ್ಕದಲ್ಲಿ ಕುಳಿತು ನೋಡುತ್ತಿದ್ದ ನನ್ನ ಹೆಂಡತಿ, “ಇದೆಂತದು ಮಾರಾಯ್ರೆ, ಅಮ್ಮಂದಿರನ್ನ ಬದುಕಿಸಿಟ್ರೆ ಇವ್ರ ಕಥೆ ಮುಂದೆ ಹೋಗಲ್ವಾ?” ಎಂದು ಕೇಳಿದ್ದಳು. ‘ಸ್ಕೈರಿಮ್’ ಆಟ ಇನ್ನೊಂದು ತುದಿ. ಅದರ 2012ರ ‘ಹಾರ್ತ್‌ಫೈರ್’ ಸೇರ್ಪಡೆಯಲ್ಲಿ ಇಬ್ಬರು ಮಕ್ಕಳನ್ನು ದತ್ತು ಪಡೆದು ಅವರಿಗೆ ಆಟಿಕೆ, ಕೈಖರ್ಚಿನ ಕಾಸು ಕೊಡಬಹುದು, ಕಣ್ಣಾಮುಚ್ಚಾಲೆಯನ್ನೂ ಆಡಬಹುದು. ಆದರೆ ಆ ಮಕ್ಕಳು ಎಂದಿಗೂ ಬೆಳೆಯುವುದಿಲ್ಲ. ಕಟ್ಟಿದ ಮನೆಗೆ ತಂದಿಟ್ಟ ಪೀಠೋಪಕರಣದಂತೆ ಇದ್ದಲ್ಲಿಯೇ ಇರುತ್ತಾರೆ.

‘ವಿಚರ್ 3’ರಲ್ಲಿ ಆಟಗಾರನೇ ತಂದೆ. ದೈತ್ಯಬೇಟೆಗಾರ ಗೆರಾಲ್ಟ್‌ಗೆ ಸ್ವಂತ ಮಕ್ಕಳಾಗುವಂತಿಲ್ಲ, ಸಿರಿ ಅವನ ಸಾಕುಮಗಳು, ಅವಳನ್ನು ಹುಡುಕುವುದೇ ಇಡೀ ಕಥೆಯ ಬೆನ್ನೆಲುಬು. ನನ್ನನ್ನು ಮತ್ತೆ ಮತ್ತೆ ಈ ಆಟಕ್ಕೆ ಎಳೆದು ತಂದದ್ದು, ಅವಳು ಸಿಕ್ಕಿದ ಮೇಲೆ ಬರುವ ಕೆಲವು ಸಣ್ಣ ಸಂದರ್ಭಗಳು. ಗೆರಾಲ್ಟ್‌ನ ಗುರು, ಹಿರಿಯ ವೆಸೆಮಿರ್ ತೀರಿಕೊಂಡ ನಂತರ ಮಂಕಾಗಿ ಕುಳಿತ ಮಗಳಿಗೆ “ಎಲ್ಲದರಲ್ಲೂ ನಿಪುಣಳಾಗಿರಬೇಕೆಂದಿಲ್ಲ” ಎಂದು ಸಮಾಧಾನ ಹೇಳುವುದೋ, ಅವಳ ಜೊತೆ ಹಿಮದ ಉಂಡೆ ಎಸೆದಾಡುವುದೋ? ಮಾಂತ್ರಿಕ ಸ್ತ್ರೀಯರ ಸಭೆಗೆ ಅವಳೊಂದಿಗೆ ಹೋಗುವುದೋ, ಒಬ್ಬಳನ್ನೇ ಕಳಿಸುವುದೋ? ಹಿಂದೆ ಅವಳಿಗೆ ನೆರವಾಗಿ, ಆಮೇಲೆ ಸತ್ತ ಸ್ಕ್ಯಾಲ್‌ನ ಸಮಾಧಿಗೆ ಹೋಗೋಣವೆಂದರೆ ಸಮಯವಿಲ್ಲ ಎನ್ನುವುದೋ, ಹೊರಡುವುದೋ? ಹೆತ್ತ ತಂದೆಯಾದ ಚಕ್ರವರ್ತಿ ಎಮ್ಹಿರ್, ಹುಡುಕಿ ಕೊಟ್ಟದ್ದಕ್ಕೆಂದು ನೀಡುವ ಹಣವನ್ನು ಅವಳೆದುರಿಗೇ ಜೇಬಿಗಿಳಿಸುವುದೋ? ಇವು ಕಥೆಯ ಅಂತ್ಯವನ್ನು ತೀರ್ಮಾನಿಸುತ್ತವೆ ಎಂಬ ಸುಳಿವನ್ನು ಆಟ ಎಲ್ಲಿಯೂ ಕೊಡುವುದಿಲ್ಲ. ಕೊನೆಗೆ ಸಿರಿ ಒಬ್ಬಳೇ ವಿನಾಶದ ಕಡೆಗೆ ನಡೆಯುವಾಗ ಈ ಗಳಿಗೆಗಳೇ ಅವಳ ನೆನಪಿನಲ್ಲಿ ಹಾದುಹೋಗುತ್ತವೆ, ಅವಳು ಮರಳುವಳೇ ಇಲ್ಲವೇ ಎಂಬುದು ಅವುಗಳ ಮೇಲೆ ನಿಂತಿರುತ್ತದೆ. ಸಾಗರದಲ್ಲಿರುವ ನನ್ನ ಅಕ್ಕನ ಮಗ ಅವಳನ್ನು ಎಲ್ಲಿಗೂ ಒಬ್ಬಳೇ ಬಿಡದೆ, ಪ್ರತಿಯೊಂದಕ್ಕೂ ಬುದ್ಧಿ ಹೇಳುತ್ತ ಆಡಿದ. ಅವನ ಆಟದಲ್ಲಿ ಅವಳು ಮರಳಲಿಲ್ಲ. ಕಾಯುವುದನ್ನೇ ಪ್ರೀತಿಯೆಂದು ಭಾವಿಸುವ ನಮ್ಮ ಮನೆಗಳ ಅಪ್ಪಯ್ಯಂದಿರಿಗೆ ಇದು ಸುಲಭವಾಗಿ ಒಗ್ಗುವ ಲೆಕ್ಕಾಚಾರವಲ್ಲ.

ಆಟದ ಅತ್ಯುತ್ತಮ ಬರವಣಿಗೆ ಇರುವುದು ವೆಲೆನ್ ಪ್ರಾಂತ್ಯದ ಬ್ಲಡಿ ಬ್ಯಾರನ್ ಪ್ರಸಂಗದಲ್ಲಿ. ಕುಡಿದು ಹೆಂಡತಿ ಆನಾಳನ್ನು ಹೊಡೆದವನು, ಮಗಳು ತಮಾರಾಳ ದ್ವೇಷ ಗಳಿಸಿದವನು, ಗರ್ಭದಲ್ಲೇ ಕಳೆದುಹೋದ ಶಿಶುವನ್ನು ಸಂಸ್ಕಾರವಿಲ್ಲದೆ ಹೂತವನು ಈತ. ಆ ಶಿಶು ಪಿಶಾಚಿಯಾಗಿ ಎದ್ದು ಬಂದಾಗ ಅದನ್ನು ಕತ್ತಿಯಿಂದ ಕೊಲ್ಲಬಹುದು. ಇಲ್ಲವೇ ತಂದೆಯೇ ಅದನ್ನು ತೋಳಲ್ಲಿ ಹೊತ್ತು ತಂದು, ಹೆಸರಿಟ್ಟು, ಮಗಳೆಂದು ಒಪ್ಪಿಕೊಂಡು ಹೊಸ್ತಿಲಡಿಯಲ್ಲಿ ಹೂಳುವಂತೆ ಮಾಡಬಹುದು, ಆಗ ಅದು ಮನೆ ಕಾಯುವ ಚೇತನವಾಗುತ್ತದೆ. ಹೊಸ್ತಿಲಿಗೆ ಅರಿಶಿನ ಕುಂಕುಮವಿಟ್ಟು ಬೆಳೆದ ನಮ್ಮಂಥವರಿಗೆ ಈ ಭಾಗವನ್ನು ಯಾರೂ ವಿವರಿಸಬೇಕಾಗಿಲ್ಲ. ಬ್ಯಾರನ್‌ನನ್ನು ಕ್ಷಮಿಸಿ ಎಂದು ಆಟ ಒತ್ತಾಯಿಸುವುದಿಲ್ಲ ಎಂಬುದು ನನಗೆ ಮುಖ್ಯವಾಗಿ ಕಂಡಿತು.

ಆದರೆ ಇದೇ ಪ್ರಸಂಗದಲ್ಲಿ ನನ್ನ ದೊಡ್ಡ ತಕರಾರೂ ಇದೆ. ಮುಂದೆ ಎದುರಾಗುವ, ಮರದಡಿ ಸೆರೆಯಾಗಿರುವ ಚೇತನವನ್ನು ಬಿಡುಗಡೆ ಮಾಡಿದರೆ ಆನಾ ನೋಡಿಕೊಳ್ಳುತ್ತಿದ್ದ ಅನಾಥ ಮಕ್ಕಳು ಬದುಕುತ್ತಾರೆ, ಆನಾ ಶಾಪಕ್ಕೆ ಸಿಕ್ಕಿ ಸಾಯುತ್ತಾಳೆ, ಬ್ಯಾರನ್ ನೇಣು ಹಾಕಿಕೊಳ್ಳುತ್ತಾನೆ. ಆ ಚೇತನವನ್ನು ಕೊಂದರೆ ಮಕ್ಕಳು ಉಳಿಯುವುದಿಲ್ಲ, ಬುದ್ಧಿ ಕಳೆದುಕೊಂಡ ಆನಾಳನ್ನು ಬ್ಯಾರನ್ ಚಿಕಿತ್ಸೆಗೆಂದು ಬೆಟ್ಟಗಳ ಕಡೆಗೆ ಕರೆದೊಯ್ಯುತ್ತಾನೆ. ತಂದೆಗೆ ಪಶ್ಚಾತ್ತಾಪ, ಪ್ರಯಾಣ, ಮಾತು ಎಲ್ಲವೂ ದೊರೆಯುತ್ತವೆ. ತಾಯಿಗೆ ಸಾವು ಅಥವಾ ಹುಚ್ಚು. ಅವಳ ಬಾಯಿಂದ ಅವಳ ಬದುಕಿನ ಕಥೆಯನ್ನು ಒಮ್ಮೆಯಾದರೂ ನೆಮ್ಮದಿಯಾಗಿ ಕೇಳುವ ಅವಕಾಶ ನಮಗಿಲ್ಲ.

ಸಿರಿಗೆ ತಾಯಿಯ ಸ್ಥಾನಕ್ಕೆ ಸಮೀಪವಿರುವ ಮಾಂತ್ರಿಕ ಸ್ತ್ರೀ ಯೆನಿಫರ್ ಈ ಕೊರತೆಯನ್ನು ಸ್ವಲ್ಪ ತುಂಬುತ್ತಾಳೆ. ಸಿರಿಯ ಸುಳಿವಿಗಾಗಿ ಅವಳು ಸ್ಕೆಲ್ಲಿಗೆ ಎಂಬ ದ್ವೀಪಸಮೂಹದಲ್ಲಿನ ಫ್ರೇಯಾ ದೇವಿಯ ತೋಟದ ಶಕ್ತಿಯನ್ನೆಲ್ಲ ಹೀರಿ, ಸತ್ತವನ ಬಾಯಿಂದ ಮಾತು ಹೊರಡಿಸುತ್ತಾಳೆ. ತೋಟ ಒಣಗಿಹೋಗುತ್ತದೆ. ದೇವರಿಗೆಂದು ಬಿಟ್ಟ ಸೊರಬ, ಸಾಗರದ ಕಾನುಗಳನ್ನು ಕಂಡವನಾದ್ದರಿಂದ ನನಗೆ ಅವಳ ಮೇಲೆ ನಿಜವಾಗಿಯೂ ಸಿಟ್ಟು ಬಂದಿತ್ತು. ಅವಳ ಬಗ್ಗೆ ಗೌರವವೂ ಆಗಲೇ ಮೂಡಿತು. ಸೌಮ್ಯಳೂ ಅಲ್ಲದ, ರಾಕ್ಷಸಿಯೂ ಅಲ್ಲದ ತಾಯಿ ಈ ಆಟಗಳಲ್ಲಿ ಅಪರೂಪ.

ಕೊಳ್ಳುವವರಿಗೆ ಕೆಲವು ಮಾತುಗಳು. ಕನ್ನಡದ ಉಪಶೀರ್ಷಿಕೆಗಳಿಲ್ಲ, ಸಂಭಾಷಣೆ ಬಹಳವಿರುವುದರಿಂದ ಇಂಗ್ಲಿಷನ್ನು ಸಲೀಸಾಗಿ ಓದಬಲ್ಲವರಿಗಷ್ಟೇ ಮೇಲೆ ಹೇಳಿದ ಸೂಕ್ಷ್ಮಗಳು ದಕ್ಕುತ್ತವೆ. ಎರಡೂ ದೊಡ್ಡ ಸೇರ್ಪಡೆಗಳಿರುವ ಕಂಪ್ಲೀಟ್ ಎಡಿಷನ್ನನ್ನೇ ರಿಯಾಯಿತಿಯ ದಿನಗಳಲ್ಲಿ ಕೊಳ್ಳುವುದು ಲಾಭ. 2022ರ ಡಿಸೆಂಬರ್‌ನಲ್ಲಿ ಬಂದ ದೊಡ್ಡ ಅಪ್‌ಡೇಟ್ ಹಿಂದೆ ಕೊಂಡವರಿಗೂ ಉಚಿತವಾಗಿಯೇ ದೊರೆತಿತ್ತು. ಸುಮಾರು 50 ಜಿಬಿ ಜಾಗ ಬೇಕು, ಹಾಗಾಗಿ ಶಿವಮೊಗ್ಗದಂತಹ ಪೇಟೆಯಲ್ಲಿ ಒಳ್ಳೆಯ ಸಂಪರ್ಕವಿರುವ ಕಡೆ ಇಳಿಸಿಕೊಂಡು ಬರುವುದು ವಾಸಿ. ಆಮೇಲೆ ಆಡಲು ಇಂಟರ್ನೆಟ್ ಬೇಕಾಗಿಲ್ಲ. ಕಾದಾಟದ ನಡುವೆ ಸೇವ್ ಮಾಡಲು ಆಟ ಬಿಡುವುದಿಲ್ಲವಾದ್ದರಿಂದ, ಆಷಾಢದ ಗಾಳಿಮಳೆಗೆ ಗಳಿಗೆಗೊಮ್ಮೆ ಕರೆಂಟ್ ಹೋಗುವ ನಮ್ಮ ಕಡೆ ಯುಪಿಎಸ್ ಇಲ್ಲದೆ ಡೆಸ್ಕ್‌ಟಾಪ್‌ನಲ್ಲಿ ಆಡಬೇಡಿ. ಯುರೋಪಿನ ಪೆಗಿ ಮಂಡಳಿ ಇದನ್ನು 18 ವರ್ಷ ದಾಟಿದವರಿಗೆಂದು ವರ್ಗೀಕರಿಸಿದ್ದು ಸರಿಯಾಗಿಯೇ ಇದೆ. ಬ್ಯಾರನ್ ಪ್ರಸಂಗವನ್ನಂತೂ ಮಕ್ಕಳು ಮಲಗಿದ ಮೇಲೆ, ಹೆಡ್‌ಫೋನ್ ಹಾಕಿಕೊಂಡೇ ಆಡಿ.