ಮಗುವಿನ ಆಕ್ಸಿಡೆಂಟ್ ಕೇಸು ಹಾಕುವ ಮೊದಲು ಹೆಸರಿನ ವಿಷಯ ಕೇಳಿ

ನನ್ನ ಮಗಳ ಹೆಸರನ್ನು ಗೂಗಲ್‌ನಲ್ಲಿ ಹುಡುಕಿದ್ದು ಅವಳ ಕ್ಲಾಸಿನ ಹುಡುಗ. ಒಂಬತ್ತನೇ ಕ್ಲಾಸು, ಸುಮ್ನೆ ತಮಾಷೆಗೆ ಹುಡುಕಿದ್ದಂತೆ. ಸಿಕ್ಕಿದ್ದು ನಮ್ಮ ಪರಿಹಾರದ ಕೇಸಿನ ತೀರ್ಪು.

ಐದು ವರ್ಷದ ಹಿಂದೆ ಲಾರಿ ಗುದ್ದಿ ಅವಳ ಸೊಂಟದ ಮೂಳೆ ಮುರಿದಿತ್ತು. ಮೈನರ್ ಅಲ್ವಾ, ಅವಳ ಪರವಾಗಿ ನಾನೇ ಎಂವಿಸಿ ಕೇಸು, ಅಂದರೆ ವಾಹನ ಅಪಘಾತದ ಪರಿಹಾರ ಕೇಳುವ ಕೇಸು ಹಾಕಿದೆ. ವಕೀಲರು ತೋರಿಸಿದ ಕಡೆಯೆಲ್ಲ ಸೈನ್ ಹಾಕಿದೆ. ವಿಮೆ ಕಂಪನಿ ಹೈಕೋರ್ಟಿಗೆ ಅಪೀಲು ಹೋಯಿತು. ಅಲ್ಲಿನ ತೀರ್ಪನ್ನು ಕಾನೂನು ವೆಬ್‌ಸೈಟುಗಳು ಎತ್ತಿಕೊಂಡವು.

ಮೊದಲ ಪುಟದಲ್ಲೇ ಅವಳ ಹೆಸರು, ವಯಸ್ಸು, ನನ್ನ ಹೆಸರು, ಊರು. ಒಳಗೆ ಡಾಕ್ಟರ್ ಸಾಕ್ಷಿ: ಮೂತ್ರ ತಡೆದುಕೊಳ್ಳಲು ಆಗುವುದಿಲ್ಲ, ಮುಂದೆ ಮದುವೆಗೂ ತೊಂದರೆ. ಪರಿಹಾರ ಜಾಸ್ತಿ ಸಿಗಲಿ ಅಂತ ನಾವೇ ಬರೆಸಿದ ಮಾತುಗಳು ಇವು. ಅದನ್ನೇ ಓದಿ ಕ್ಲಾಸಲ್ಲಿ ನಕ್ಕರು. ಅವಳಿಗೆ 18 ತುಂಬುವವರೆಗೆ ಎಫ್‌ಡಿಯಲ್ಲಿಟ್ಟ ಹಣದ ಲೆಕ್ಕವೂ ಅಲ್ಲೇ ಇತ್ತು. ದೂರದ ನೆಂಟರೊಬ್ಬರು ಸೈಟು ಕೊಳ್ಳಲು ಸಾಲ ಕೇಳಿದರು. ಮೊತ್ತ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು!

ಪೋಕ್ಸೋ ಕೇಸಲ್ಲಿ, ಅಂದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕೇಸಲ್ಲಿ, ಮಗುವಿನ ಗುರುತು ಹೊರಗೆ ಬರದಂತೆ ಕೋರ್ಟೇ ನೋಡಿಕೊಳ್ಳಬೇಕು, ಕಾನೂನು ಹಾಗಿದೆ. ಇಲ್ಲೂ ಹಾಗೇ ಅಂದುಕೊಂಡಿದ್ದು ನನ್ನ ತಪ್ಪು. ಪರಿಹಾರದ ಕೇಸಲ್ಲಿ ನಾವು ಕೇಳದಿದ್ದರೆ ಹೆಸರನ್ನು ಯಾರೂ ಮುಚ್ಚುವುದಿಲ್ಲ.

ಹಾಗಂತ ಇಂಥ ಕೇಸು ಬಾಗಿಲು ಮುಚ್ಚಿ ನಡೆಯಲಿ ಅನ್ನುವವನಲ್ಲ ನಾನು. 2013ರಲ್ಲಿ ಸುಪ್ರೀಂ ಕೋರ್ಟ್ ಗಾಯಗೊಂಡ ಮಕ್ಕಳಿಗೆ ಒಂದು ಲೆಕ್ಕ ಹಾಕಿಕೊಟ್ಟಿತು: 10ರಿಂದ 30 ಪರ್ಸೆಂಟ್ ವೈಕಲ್ಯಕ್ಕೆ 3 ಲಕ್ಷ, 90 ದಾಟಿದರೆ 6 ಲಕ್ಷ, ಆಸ್ಪತ್ರೆ ಖರ್ಚು ಬೇರೆ. ಆ ತೀರ್ಪು ಎಲ್ಲರಿಗೂ ಸಿಗುವಂತಿದ್ದದ್ದಕ್ಕೇ ನಮ್ಮ ವಕೀಲರು ಅದನ್ನು ತೋರಿಸಿ ವಾದ ಮಾಡಿದರು. ಆದರೆ ಆ ಕೇಸನ್ನು ಎಲ್ಲರೂ ಕರೆಯುವುದೇ ಅದರಲ್ಲಿ ಗಾಯಗೊಂಡಿದ್ದ ಹುಡುಗನ ಹೆಸರಿನಿಂದ. ತೀರ್ಪು ಬೇಕು, ಸರಿ. ಹೆಸರು ಯಾಕೆ ಬೇಕು?

ದಾರಿ ಇಲ್ಲದೇ ಇಲ್ಲ. 2017ರಲ್ಲಿ ನಮ್ಮ ಹೈಕೋರ್ಟೇ ಒಬ್ಬ ಅಪ್ಪ ಕೇಳಿಕೊಂಡಾಗ, ಇಂಟರ್ನೆಟ್ ಹುಡುಕಾಟದಲ್ಲಿ ಅವರ ಮಗಳ ಹೆಸರು ಬರದಂತೆ ನೋಡಿಕೊಳ್ಳಿ ಎಂದು ತನ್ನ ಕಚೇರಿಗೆ (ರಿಜಿಸ್ಟ್ರಿ) ಹೇಳಿತ್ತು. ದೃಢೀಕೃತ ಪ್ರತಿಯಲ್ಲಿ ಹೆಸರು ಹಾಗೇ ಉಳಿಯಿತು. ಅದು ಆಕ್ಸಿಡೆಂಟ್ ಕೇಸಲ್ಲ, ಆದರೂ ತೋರಿಸಿ ಕೇಳಬಹುದು.

ಅದಕ್ಕೇ ಹೇಳುತ್ತಿದ್ದೇನೆ, ಪೆಟಿಷನ್ ಹಾಕುವ ದಿನವೇ ವಕೀಲರ ಹತ್ತಿರ ಈ ಮಾತು ಎತ್ತಿ. ಹೆಸರಿನ ಬದಲು ಇನಿಷಿಯಲ್ ಹಾಕಲು, ಊರು, ಶಾಲೆ ಬಿಡಲು ಮಧ್ಯಂತರ ಅರ್ಜಿ (ಕೇಸಿನ ಒಳಗೇ ಕೊಡುವ ಬೇರೆ ಅರ್ಜಿ) ಕೊಡಿಸಿ. ‘ಇದೆಲ್ಲ ಯಾರೂ ಕೇಳಲ್ಲ ಸಾರ್’ ಅಂದರೆ ಬಿಡಬೇಡಿ. ಅಪೀಲು ಬಂದರೆ ಅಲ್ಲೂ ಮತ್ತೆ ಕೇಳಿ. ಒಮ್ಮೆ ನೆಟ್‌ಗೆ ಹೋದ ಮೇಲೆ ಒಂದೊಂದು ವೆಬ್‌ಸೈಟಿಗೂ ಬೇರೆ ಬೇರೆ ಬರೆಯುತ್ತಾ ಕೂರಬೇಕು. ನಾನು ಈಗ ಮಾಡುತ್ತಿರುವುದು ಅದನ್ನೇ.

ಮಗಳು ಎಸ್ಸೆಸ್ಸೆಲ್ಸಿಗೆ ಬೇರೆ ಶಾಲೆ ಸೇರಿದ್ದಾಳೆ. ಅಲ್ಲಿ ಇನ್ನೂ ಯಾರೂ ಹುಡುಕಿಲ್ಲ.